ರಿಪೋರ್ಟಿನ ಸಿಡಿ138 ಏನು ಹೇಳುತ್ತದೆ?

ಪ್ರಶ್ನೆ: ಅಪ್ಪನಿಗೆ 68 ವರ್ಷ. ಬೆನ್ನು ನೋವು, ರಕ್ತ ಕಡಿಮೆ ಅಂತ ಮೂಳೆಮಜ್ಜೆ ಪರೀಕ್ಷೆ ಮಾಡಿಸಿದೆವು. ರಿಪೋರ್ಟಿನಲ್ಲಿ ‘ಸಿಡಿ138 ಪಾಸಿಟಿವ್’ ಎಂದಿದೆ. ಹಾಗಂದರೆ ಕ್ಯಾನ್ಸರ್ರಾ ಡಾಕ್ಟ್ರೇ?
– ಓದುಗರು, ಹಾಸನ

ಉತ್ತರ: ಮೊದಲು ಧೈರ್ಯ ತಂದುಕೊಳ್ಳಿ. ಆ ಒಂದು ಸಾಲು ನೋಡಿ ಕ್ಯಾನ್ಸರ್ ಎನ್ನಲು ಬರುವುದಿಲ್ಲ. ಸಿಡಿ138 ನಮ್ಮೆಲ್ಲರ ಚರ್ಮದ ಜೀವಕೋಶಗಳ ಮೇಲೂ ಇದೆ. ಅದರ ಇನ್ನೊಂದು ಹೆಸರು ಸಿಂಡೆಕಾನ್-1. ಕೋಶದ ಪೊರೆಯಲ್ಲಿ ನೆಟ್ಟ ಪ್ರೋಟೀನು ಅದು. ಹೊರಗೆ ಚಾಚಿದ ಭಾಗಕ್ಕೆ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆಯ ಉದ್ದನೆಯ ಸರಗಳು ಅಂಟಿರುತ್ತವೆ. ಇಂಥ ಜೋಡಿಗೆ ಪ್ರೋಟಿಯೋಗ್ಲೈಕಾನ್ ಎನ್ನುತ್ತಾರೆ.

ಈ ಸರಗಳು ಸುತ್ತಲಿನ ಕೊಲಾಜೆನ್ ಹಿಡಿದು ಕೋಶವನ್ನು ನಿಲ್ಲಿಸುತ್ತವೆ. ಇಲಿಗಳಲ್ಲಿ ಬಿ ಕೋಶ (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಮಜ್ಜೆಯಲ್ಲಿ ಎಳೆಯದಾಗಿದ್ದಾಗ ಸಿಂಡೆಕಾನ್ ಇರುತ್ತದೆ. ಬಲಿತು ರಕ್ತಕ್ಕೆ ಇಳಿಯುವಾಗ ಇಲ್ಲವಾಗುತ್ತದೆ. ಮುಂದೆ ಪ್ರತಿಕಾಯಗಳನ್ನು ತಯಾರಿಸುವ ಪ್ಲಾಸ್ಮಾ ಕೋಶವಾಗಿ ಒಂದೆಡೆ ನೆಲೆಸುವಾಗ ಮತ್ತೆ ಬರುತ್ತದೆ! ಇದನ್ನು ತೋರಿಸಿದ್ದು 1989ರಲ್ಲಿ. ಮೈಕ್ರೋಸ್ಕೋಪಿನಲ್ಲಿ ಪ್ಲಾಸ್ಮಾ ಕೋಶಗಳ ಅಂಚಿಗೆ ಸಿಡಿ138ರ ಕಂದು ಬಣ್ಣ ಕಂಡಾಗಲೆಲ್ಲ ನನಗೆ ಈ ವಿಷಯ ನೆನಪಾಗಿ ಖುಷಿಯಾಗುತ್ತದೆ.

ಅದೇ ಸರಗಳು ಎಚ್‌ಜಿಎಫ್, ಏಪ್ರಿಲ್ ಎಂಬ ಪ್ರೋಟೀನುಗಳನ್ನೂ ಹಿಡಿದು ಪಕ್ಕದ ಗ್ರಾಹಕಗಳಿಗೆ (ಸಂದೇಶ ಪಡೆಯುವ ಪ್ರೋಟೀನುಗಳಿಗೆ) ಒದಗಿಸುತ್ತವೆ. ಬದುಕು, ಬೆಳೆ ಎಂಬ ಸಂದೇಶ ಕೋಶದೊಳಗೆ ಹೋಗುವುದು ಹೀಗೆ. ಮೈಲೋಮಾ ಎಂಬ ಕ್ಯಾನ್ಸರಿನಲ್ಲಿ ಕೆಟ್ಟ ಪ್ಲಾಸ್ಮಾ ಕೋಶಗಳು ಈ ಅನುಕೂಲವನ್ನೇ ಬಳಸಿಕೊಂಡು ಜಾಸ್ತಿಯಾಗುತ್ತವೆ. ಕಿಣ್ವಗಳು ಸಿಂಡೆಕಾನನ್ನು ಕತ್ತರಿಸಿದರೂ ಅದು ಸುಮ್ನೆ ಹೋಗುವುದಿಲ್ಲ. ಸರಗಳ ಸಮೇತ ಮಜ್ಜೆಯಲ್ಲಿ ಸೇರಿಕೊಂಡು ಅಲ್ಲೂ ಆ ಪ್ರೋಟೀನುಗಳನ್ನು ಕೂಡಿಡುತ್ತದೆ.

ಹಾಗಾಗಿ ನಮ್ಮ ಮಜ್ಜೆಯಲ್ಲಿ ಸಿಡಿ138 ಅಂದರೆ ಇವು ಪ್ಲಾಸ್ಮಾ ಕೋಶಗಳು ಎಂಬ ಗುರುತು ಅಷ್ಟೇ. ಅವು ಎಷ್ಟಿವೆ ಅಂತ ಕೇಳಿ. ಆರೋಗ್ಯವಂತರ ಮಜ್ಜೆಯಲ್ಲಿ ಶೇ. 5ಕ್ಕಿಂತ ಕಡಿಮೆ. ಮೈಲೋಮಾದಲ್ಲಿ ಸಾಮಾನ್ಯವಾಗಿ ಶೇ. 10 ಅಥವಾ ಹೆಚ್ಚು. ಅವೆಲ್ಲ ಒಂದೇ ಕೋಶದಿಂದ ಹುಟ್ಟಿದವೇ ಎಂಬುದನ್ನು ಕಪ್ಪಾ-ಲ್ಯಾಂಬ್ಡಾ ಪರೀಕ್ಷೆ ಹೇಳುತ್ತದೆ; ಹಾಗಿದ್ದರೆ ಮೈಲೋಮಾದ ಸಂಶಯ ಹೆಚ್ಚು. ಕ್ಯಾಲ್ಸಿಯಂ, ಕಿಡ್ನಿ, ಮೂಳೆಯ ಸ್ಕ್ಯಾನ್ ಕೂಡ ನೋಡಬೇಕು.

ಇನ್ನೊಂದು ಮಾತು. ಮಜ್ಜೆಯ ದ್ರವದ ಸ್ಯಾಂಪಲ್ ತಡವಾದರೆ ಕೋಶಗಳ ಮೇಲಿನ ಸಿಡಿ138 ಉದುರಿ, ಫ್ಲೋ ಸೈಟೋಮೆಟ್ರಿಯಲ್ಲಿ (ಕೋಶಗಳನ್ನು ಯಂತ್ರದಲ್ಲಿ ಗುರುತಿಸಿ ಎಣಿಸುವ ಪರೀಕ್ಷೆ) ಎಣಿಕೆ ಕಡಿಮೆ ಬರಬಹುದು. ಮತ್ತೆ ತೆಗೆಯುವುದಿದ್ದರೆ ಅವತ್ತೇ ಲ್ಯಾಬ್ ತಲುಪಿಸಿ. ರಕ್ತರೋಗ ತಜ್ಞರನ್ನು ಈ ವಾರವೇ ಕಾಣಿ. ಅಲ್ಲಿಯವರೆಗೆ ಅಪ್ಪನ ಬೆನ್ನು ನೋವಿಗೆ ಡಾಕ್ಟರನ್ನು ಕೇಳದೆ ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ ಕೊಡಬೇಡಿ. ಮೈಲೋಮಾ ಇದ್ದರೆ ಅವುಗಳಲ್ಲಿ ಹಲವು ಕಿಡ್ನಿಗೆ ಪೆಟ್ಟು ಕೊಡುತ್ತವೆ.