ದಾಂಗ್‌ದುತ್ ಹಾಡಲ್ಲಿ ಹಿಂದಿ ಛಾಯೆ

ಇಂಡೋನೇಷ್ಯಾದ ಜನಪ್ರಿಯ ಸಂಗೀತ ಪ್ರಕಾರವಾದ ದಾಂಗ್‌ದುತ್‌ನ ಹಾಡೊಂದು ಹಳೇ ಹಿಂದಿ ಹಾಡಿನಂತೆ ಕೇಳಿಸಿತು, ಇದು ಭ್ರಮೆಯೇ ಎಂದು ಬರೆದು ಕೇಳಿದ್ದೀರಿ. ಭ್ರಮೆಯಲ್ಲ. 1950ರ ದಶಕದಲ್ಲೇ ಅಲ್ಲಿ ಹಿಂದಿ ಸಿನಿಮಾ ಜೋರಾಗಿ ಓಡುತ್ತಿತ್ತು. ಅಲ್ಲಿನ ಮಲಯ ವಾದ್ಯತಂಡಗಳು ಆ ಧಾಟಿ, ಕೊಳಲು, ತಬಲಾದಂಥ ಪೆಟ್ಟನ್ನು ತಮ್ಮದಾಗಿಸಿಕೊಂಡವು. ನೀವು ಕೇಳಿದ ಹಾಡಿನ ಹೆಸರು ಬರೆದಿಲ್ಲ, ಟ್ಯೂನನ್ನೇ ಎತ್ತಿದ್ದೂ ಇರಬಹುದು. ಅಂಥವೂ ಇವೆ.

ಸುಮ್ನೆ ಸಿಕ್ಕಿದ್ದು ಕೇಳಬೇಡಿ. ಮೊದಲು ಎಲ್ವಿ ಸುಕೇಸಿಹ್ ಹಾಡಿದ್ದು ಕೇಳಿ, ಹಿಂದಿ ಛಾಯೆ ದನಿಯಲ್ಲೇ ಸಿಗುತ್ತದೆ. ಆಮೇಲೆ ರೋಮಾ ಇರಾಮಾ ಅವರ ಸೊನೆತಾ ತಂಡದ 1970ರ ದಶಕದ ಹಾಡುಗಳು. ಇಲ್ಲಿ ಎಲೆಕ್ಟ್ರಿಕ್ ಗಿಟಾರ್ ರಾಕ್ ಸಂಗೀತದಂತೆ ಗುಡುಗುತ್ತದೆ, ಕೆಳಗೆ ಚರ್ಮವಾದ್ಯದ ದಪ್ಪ 'ದುತ್' ಪೆಟ್ಟು ಬೀಳುತ್ತಲೇ ಇರುತ್ತದೆ. ಆ ಪೆಟ್ಟು ಕಿವಿಗೆ ಹತ್ತಿದ ಮೇಲೆ ಪೂರ್ವ ಜಾವಾದ ದಾಂಗ್‌ದುತ್ ಶೈಲಿಯಾದ ಕೊಪ್ಲೋಗೆ ಹೋಗಿ. ಗಾಯಕಿ ವಿಯಾ ವಾಲೆನ್ ಇಂದ ಶುರು ಮಾಡಿ. ಅಲ್ಲಿ ವೇಗ ಜಾಸ್ತಿ, ಹಿಂದಿ ನೆನಪು ಕಮ್ಮಿ.