ಹನ್ನೊಂದಕ್ಕೆ ಹೊರಟರೆ ಸಂತೆ ಸಿಗೋದಿಲ್ಲ

ಪ್ರಶ್ನೆ: ಅಕ್ಕಾರೆ, ನಮ್ಮ ಮಗ ಫ್ರಾನ್ಸಿನ ಟೂಲೂಸ್‌ನಲ್ಲಿ ನೌಕರಿಗಿದ್ದಾನೆ. ಜೂನ್ ಕೊನೆಗೆ ನಾನು, ನಮ್ಮ ಮನೆಯವರು, ಎಪ್ಪತ್ತು ದಾಟಿದ ಅತ್ತೆ ಅಲ್ಲಿಗೆ ಹೊರಟಿದ್ದೇವೆ. ಒಂದು ಶನಿವಾರ ರೆವೆಲ್ ಎಂಬ ಹಳ್ಳಿ ಕಡೆಯ ಊರಿನ ಸಂತೆಗೆ ಎಲ್ಲರನ್ನೂ ಕರೆದೊಯ್ಯುತ್ತೇನೆ ಅನ್ನುತ್ತಾನೆ. ಜೊತೆಗೆ ಸೊಸೆ, ಐದು ವರ್ಷದ ಮೊಮ್ಮಗಳು. "ಸಾವಕಾಶ ಎದ್ದು, ನಾಷ್ಟಾ ಮುಗಿಸಿ ಹನ್ನೊಂದಕ್ಕೆ ಹೊರಡೋಣ, ರಾತ್ರಿ ಒಂಬತ್ತೂವರೆ ತನಕ ಬೆಳಕಿರ್ತದೆ" ಅಂತಾನೆ. ನಮ್ಮವರು ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದವರು. "ಗದಗಿನ ಸಂತೆ ಬಿಟ್ಟು ವಿಮಾನ ಹತ್ತಿ ಇನ್ನೊಂದು ಸಂತೆಗೆ ಹೋಗಬೇಕಾ?" ಅಂತ ಅವರ ತಕರಾರು. ನಾವು ತತ್ತಿಯನ್ನೂ ಮುಟ್ಟುವವರಲ್ಲ. ಏನು ಮಾಡೋಣ?
– ಹೆಸರು ಬೇಡ, ಬೆಟಗೇರಿ

ಉತ್ತರ: ಹೋಗ್ರಿ. ಆದರೆ ಹನ್ನೊಂದಕ್ಕೆ ಹೊರಡುವುದಾದರೆ ಮನೆಯಲ್ಲೇ ಇರ್ರಿ.

ಟೂಲೂಸ್‌ನಿಂದ ರೆವೆಲ್ ಸುಮಾರು 50 ಕಿಲೋಮೀಟರ್. ಕಾರಿನಲ್ಲಿ ತಾಸು ಹಿಡಿಯುತ್ತದೆ. ಸಂತೆ ದಿನ ಊರ ನಡುವೆ ಗಾಡಿ ಬಿಡುವುದಿಲ್ಲ. ಹೊರಗೆಲ್ಲೋ ನಿಲ್ಲಿಸಿ, ಅತ್ತೆಯವರ ಕೈಹಿಡಿದು ನಡೆಸಿಕೊಂಡು ಬರುವಷ್ಟರಲ್ಲಿ ಹನ್ನೆರಡೂವರೆ ಆಗಿರುತ್ತದೆ. ಅಷ್ಟೊತ್ತಿಗೆ ವ್ಯಾಪಾರಿಗಳು ಛತ್ರಿ ಮಡಚಿ ಬುಟ್ಟಿಗಳನ್ನು ವ್ಯಾನಿಗೆ ಏರಿಸುತ್ತಿರುತ್ತಾರೆ. ನಮ್ಮ ಕಡೆ ಬಿಸಿಲು ಇಳಿದ ಮೇಲೆ ಸಂತೆಗೆ ಮತ್ತೆ ರಂಗೇರುತ್ತದೆ, ಹೊತ್ತು ಮುಳುಗುವಾಗ ಕಾಯಿಪಲ್ಲೆ ಸೋವಿ ಆಗುತ್ತದೆ. ಅಲ್ಲಿ ಆ ಆಸೆ ಇಟ್ಟುಕೊಳ್ಳಬೇಡಿ. ಬೆಳಿಗ್ಗೆ ಎಂಟರ ಸುಮಾರಿಗೆ ಶುರು, ಮಧ್ಯಾಹ್ನಕ್ಕೆ ಖಲಾಸ್. ಆಮೇಲೆ ಬಹಳಷ್ಟು ಅಂಗಡಿಗಳೂ ಊಟಕ್ಕೆ ಬಾಗಿಲು ಹಾಕಿಕೊಳ್ಳುತ್ತವೆ. ಒಂಬತ್ತೂವರೆ ತನಕ ಬೆಳಕಿದ್ದು ಏನು ಪ್ರಯೋಜನ? ಏಳೂವರೆಗೆ ಕಾರು ಹೊರಡಬೇಕು ಅಂತ ಮಗನಿಗೆ ಹೇಳಿಬಿಡಿ. ಸೊಸೆಗೂ ಅವತ್ತು ನಾಷ್ಟಾ ಮಾಡುವ ಕೆಲಸ ತಪ್ಪುತ್ತದೆ.

ಮಗಳ ಬಾಣಂತನಕ್ಕೆ ಹೋದಾಗ ನಾನು ಆ ಊರಿಗೆ ಹೋಗಿದ್ದೇನೆ. ಊರ ನಡುವೆ ದೊಡ್ಡ ಚೌಕ, ಅದರ ಸುತ್ತ ಮನೆಗಳ ಕೆಳಗೆ ಸಾಲು ಪಡಸಾಲೆ. ಚೌಕದ ನಟ್ಟನಡುವೆ ಕಟ್ಟಿಗೆ ಕಂಬಗಳ ಮೇಲೆ ನಿಂತ ಹಂಚಿನ ಮಾಡು, ಅದರ ನೆತ್ತಿಯ ಮೇಲೊಂದು ಗಂಟೆ ಗೋಪುರ. ಕಂಬಗಳು 79. ಮೊಮ್ಮಗಳನ್ನು ಎಣಿಸಲು ಹಚ್ಚಿ, ನಿಮಗೆ ಸ್ವಲ್ಪ ಬಿಡುವು ಸಿಗುತ್ತದೆ. 1342ರಲ್ಲಿ ಆರನೇ ಫಿಲಿಪ್ ಎಂಬ ರಾಜನ ಕಾಲದಲ್ಲಿ ಕಟ್ಟಿದ ಊರಿದು. ಮೊದಲು ಚೌಕ ಗುರುತು ಮಾಡಿ, ಅದರಿಂದ ನೆಟ್ಟಗೆ ಬೀದಿ ಎಳೆದು ಊರು ಕಟ್ಟುವ ಪದ್ಧತಿ ಆ ಸೀಮೆಯಲ್ಲಿತ್ತು. ಅಂಥ ಊರುಗಳಿಗೆ ಬಾಸ್ತೀದ್ ಅನ್ನುತ್ತಾರೆ. ನಮ್ಮಲ್ಲಿ ಊರು ಬೆಳೆದ ಮೇಲೆ ಸಂತೆಗೆ ಜಾಗ ಹುಡುಕುತ್ತೇವೆ, ಅಲ್ವಾ? ಅಲ್ಲಿ ಸಂತೆಯ ಜಾಗ ಬಿಟ್ಟುಕೊಂಡೇ ಊರು ಕಟ್ಟಿದ್ದಾರೆ.

ಇನ್ನು ಅತ್ತೆಯವರಿಗೆ ಮೊದಲೇ ಹೇಳಿಡಬೇಕಾದ ಮಾತು. ಬದನೆಕಾಯಿ ಒತ್ತಿ ನೋಡುವುದು, ಬೆಂಡೆಕಾಯಿ ತುದಿ ಮುರಿಯುವುದು ಅಲ್ಲಿ ನಡೆಯುವುದಿಲ್ಲ. ಮುಟ್ಟುವ ಮೊದಲು ಕೇಳಬೇಕು, ಇಲ್ಲವೇ ಅವರೇ ಆರಿಸಿ ಕೊಡುತ್ತಾರೆ. ಇವತ್ತು ಮಧ್ಯಾಹ್ನಕ್ಕೋ ನಾಳೆಗೋ ಎಂದು ಕೇಳಿ ಅದಕ್ಕೆ ತಕ್ಕ ಹಣ್ಣು ಕೊಡುವವರೂ ಇದ್ದಾರೆ. ಚೌಕಾಸಿ ಬೇಡ. ಎಲ್ಲಕ್ಕಿಂತ ಮೊದಲು 'ಬೋಂಜೂರ್' ಅನ್ನಬೇಕು. ಅದಿಲ್ಲದೆ ಸೀದಾ "ಎಷ್ಟು?" ಅಂದರೆ ಮುಖ ಗಂಟಿಕ್ಕುತ್ತಾರೆ. ಅಜ್ಜಿ, ಮೊಮ್ಮಗಳು ಇಬ್ಬರೂ ಅದೊಂದು ಕಲಿತರೆ ಸಾಕು. ಸೀರೆ ಉಟ್ಟ ಅಜ್ಜಿ ಬೋಂಜೂರ್ ಅಂದರೆ ಒಂದು ಚೆರ್ರಿ ಜಾಸ್ತಿಯೇ ಬೀಳುತ್ತದೆ, ನೋಡ್ರಿ. ಚಿಲ್ಲರೆ ಮತ್ತು ಕೈಚೀಲ ಒಯ್ಯಿರಿ.

ಜೂನ್ ಕೊನೆ ಅಂದರೆ ಚೆರ್ರಿ ಮುಗಿಯುತ್ತ ಬಂದು ಜರದಾಳು ಹಣ್ಣು ಜೋರಾಗಿರುವ ಹೊತ್ತು. ನಾವು ಒಣಗಿಸಿದ್ದನ್ನೇ ತಿಂದವರು, ತಾಜಾದ್ದರ ರುಚಿಯೇ ಬೇರೆ. ಹತ್ತಿರದ ಲೋತ್ರೆಕ್ ಊರಿನ ಗುಲಾಬಿ ಬಳ್ಳೊಳ್ಳಿ ಸಿಕ್ಕರೆ ತಪ್ಪದೆ ಕೊಳ್ಳಿ. ದಂಟಿನ ಸಮೇತ ಕಟ್ಟಿ ಗೊಂಚಲು ಮಾಡಿರುತ್ತಾರೆ. 1966ರಿಂದ ಅದಕ್ಕೆ ಸರ್ಕಾರದ ಗುಣಮಟ್ಟದ ಕೆಂಪು ಮುದ್ರೆ ಇದೆ. ಮಗನ ಮನೆಯಲ್ಲಿ ಅದರಿಂದ ಶೇಂಗಾ ಚಟ್ನಿ ಕುಟ್ಟಿ ನೋಡ್ರಿ.

ಊಟದ್ದೇ ದೊಡ್ಡ ಚಿಂತೆ. ಆ ಸೀಮೆ ಬಾತುಕೋಳಿ, ಹಂದಿಮಾಂಸದ್ದು. ಬಿಳಿ ಕಾಳಿನ ಗಟ್ಟಿ ಪಲ್ಲೆ ಹೊಗೆಯಾಡುತ್ತ ಮಣ್ಣಿನ ಬೋಗುಣಿಯಲ್ಲಿ ಬಂದರೆ ನಮ್ಮ ಕಾಳುಪಲ್ಲೆ ಅಂದುಕೊಂಡು ಕೈಹಾಕಬೇಡಿ. ಅದು ಕಾಸುಲೆ, ಒಳಗೆ ಎರಡು ಮೂರು ಬಗೆಯ ಮಾಂಸ ಇರುತ್ತದೆ. ಸಲಾಡ್ ಅಂದರೂ ಮೇಲೆ ಹಂದಿಯ ಚೂರು ಉದುರಿಸಿ ತರುತ್ತಾರೆ. ಉಳ್ಳಾಗಡ್ಡಿ ಸೂಪಿಗೆ ದನದ ಎಲುಬು ಕುದಿಸಿದ ನೀರು ಹಾಕುವುದು ರೂಢಿ. 'ವೆಜಿಟೇರಿಯನ್' ಅಂದರೆ ಕೆಲವರು ಮೀನು ನಡೆಯುತ್ತದೆ ಅಂದುಕೊಳ್ಳುತ್ತಾರೆ, ಮೊಟ್ಟೆಯಂತೂ ಲೆಕ್ಕಕ್ಕೇ ಇಲ್ಲ. ಗಿಣ್ಣಿನಲ್ಲೂ ತೊಡಕಿದೆ. ರೋಕ್‌ಫೋರ್‌ನಂಥ ಹೆಸರಾಂತ ಚೀಸ್ ಮಾಡಲು ಹಾಲು ಒಡೆಸುವುದು ಎಳೆ ಪ್ರಾಣಿಯ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ. ಕೇಳಿದರೆ ಅಂಗಡಿಯವರು ಸುಳ್ಳು ಹೇಳುವುದಿಲ್ಲ. ತಿನ್ನುವುದು ಬಿಡುವುದು ನಿಮಗೆ ಸೇರಿದ್ದು.

ಅದಕ್ಕೇ ನಾನಾಗಿದ್ದರೆ ಹೋಟೆಲ್ ಗೊಡವೆಗೆ ಹೋಗುವುದಿಲ್ಲ. 'ಬಗೆತ್ ಟ್ರಾಡಿಸ್ಯೋಂ' ಅಂತ ಕೇಳಿ ಬ್ರೆಡ್ ಕೊಳ್ಳಿ. 1993ರ ಸರ್ಕಾರಿ ಆದೇಶದ ಪ್ರಕಾರ ಅದರ ಮೂಲ ಸಾಮಗ್ರಿ ಗೋಧಿ ಹಿಟ್ಟು, ನೀರು, ಉಪ್ಪು, ಹುದುಗು. ಮೊಟ್ಟೆ, ಬೆಣ್ಣೆ ಇಲ್ಲ. ಜೊತೆಗೆ ಟೊಮ್ಯಾಟೊ, ಸೌತೆಕಾಯಿ, ಹಣ್ಣು. ಮನೆಯಿಂದ ಗುರೆಳ್ಳು ಚಟ್ನಿ, ಒಂದಿಷ್ಟು ಕಟಕ ರೊಟ್ಟಿ. ಅಷ್ಟೂ ಬುತ್ತಿ ಕಟ್ಟಿಕೊಂಡು ಸಂತೆ ಮುಗಿಯುತ್ತಲೇ ಸೇಂಟ್ ಫೆರಿಯೋಲ್ ಕೆರೆಗೆ ನಡೀರಿ. ರೆವೆಲ್‌ನಿಂದ ಕಾರಿನಲ್ಲಿ ಹತ್ತೇ ನಿಮಿಷ, ದಂಡೆಯಲ್ಲಿ ಗಿಡದ ನೆರಳಿದೆ.

ನಿಮ್ಮವರ ತಕರಾರಿಗೆ ಉತ್ತರ ಇರುವುದೂ ಅಲ್ಲೇ. ಸಂತೆಯಲ್ಲಿ ಅವರನ್ನು ಕಾಫಿ ಅಂಗಡಿಯ ಕುರ್ಚಿಯಲ್ಲಿ ಅತ್ತೆಯವರ ಜೊತೆ ಕೂರಿಸಿಬಿಡಿ, ಒಂದು ಕಾಫಿಗೆ ಎಷ್ಟು ಹೊತ್ತು ಕೂತರೂ ಎಬ್ಬಿಸುವುದಿಲ್ಲ. ಶೌಚಾಲಯದ ಚಿಂತೆಯೂ ಹೋಗುತ್ತದೆ. ಮಧ್ಯಾಹ್ನ ಕೆರೆ ಏರಿಯ ಮೇಲೆ ನಿಲ್ಲಿಸಿ. ಅದು ಸುಮ್ನೆ ಕೆರೆಯಲ್ಲ, ಜಲಾಶಯ. ಟೂಲೂಸ್‌ನಿಂದ ಮೆಡಿಟರೇನಿಯನ್ ಕಡೆಗೆ 240 ಕಿಲೋಮೀಟರ್ ದೋಣಿ ಕಾಲುವೆ ತೋಡಬೇಕಿತ್ತು. ನಡುವೆ ನೊರೂಜ್ ಎಂಬ ದಿಬ್ಬ. ಅಲ್ಲಿಂದ ನೀರು ಒಂದು ಕಡೆ ಅಟ್ಲಾಂಟಿಕ್‌ಗೆ, ಇನ್ನೊಂದು ಕಡೆ ಮೆಡಿಟರೇನಿಯನ್‌ಗೆ ಇಳಿಯುತ್ತದೆ. ದೋಣಿ ಗೇಟು ದಾಟಿದಾಗೆಲ್ಲ ದಿಬ್ಬದ ನೀರು ಕೆಳಗೆ ಹೋಗುತ್ತದೆ. ಹಾಗಾದರೆ ಬೇಸಿಗೆಯಲ್ಲಿ ದಿಬ್ಬಕ್ಕೆ ನೀರು ಎಲ್ಲಿಂದ? ಈ ಪ್ರಶ್ನೆ ನಿಮ್ಮವರಿಗೆ ಹಾಕಿ, ಸ್ವಲ್ಪ ಹೊತ್ತು ತಲೆ ಕೆರೆದುಕೊಳ್ಳಲಿ.

ಉತ್ತರ ಕಂಡುಕೊಂಡವನು ಎಂಜಿನಿಯರ್ ಅಲ್ಲ, ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದ ಪಿಯೇರ್ ಪಾಲ್ ರಿಕೆ. ಹತ್ತಿರದ ಕಪ್ಪು ಬೆಟ್ಟದ ಹಳ್ಳಗಳನ್ನು ತಿರುಗಿಸಿ ದಿಬ್ಬಕ್ಕೆ ತಂದ. ಬೇಸಿಗೆಗೆ ನೀರು ಹಿಡಿದಿಡಲು 1667ರಲ್ಲಿ ಈ ಅಣೆಕಟ್ಟು ಶುರು ಮಾಡಿ 1672ಕ್ಕೆ ಮುಗಿಸಿದರು. ಕಾಲುವೆ ತೆರೆದದ್ದು 1681ರಲ್ಲಿ, ಅವನು ಹಿಂದಿನ ವರ್ಷವೇ ತೀರಿಕೊಂಡಿದ್ದ. 1996ರಲ್ಲಿ ಕಾಲುವೆ ಯುನೆಸ್ಕೊ ಪಟ್ಟಿಗೆ ಸೇರಿತು. ಕೆರೆಯಿಂದ ಅವರನ್ನು ಎಬ್ಬಿಸಿಕೊಂಡು ಬರುವುದೇ ನಿಮಗೆ ಕೆಲಸವಾದೀತು. ಒಂಬತ್ತೂವರೆ ತನಕದ ಬೆಳಕು ಆಗ ಉಪಯೋಗಕ್ಕೆ ಬರಲಿ. ಮೊಮ್ಮಗಳಿಗೆ ಇನ್ನೊಂದು ಜೊತೆ ಬಟ್ಟೆ ಇಟ್ಟುಕೊಳ್ಳಿ, ನೀರು ಕಂಡ ಮೇಲೆ ಮಕ್ಕಳು ಕೇಳುವುದಿಲ್ಲ.

ಪ್ರಶ್ನೆ: ಫ್ರಾನ್ಸಿನಲ್ಲಿರುವ ಮಗಳಿಗೆ ಮನೆಯ ತುಪ್ಪ, ಬ್ಯಾಡಗಿ ಮೆಣಸಿನ ಪುಡಿ, ಅವಳ ಅಜ್ಜಿಗೆ ವೀಳ್ಯದೆಲೆ ಒಯ್ಯಬಹುದೇ?
– ಓದುಗರು, ಹಾವೇರಿ

ಉತ್ತರ: ತುಪ್ಪ ಬೇಡ. ಹೊರಗಿನ ದೇಶಗಳಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಸಾಮಾನಿನಲ್ಲಿ ತರಲು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ. ಹಸಿ ಎಲೆ, ಸೊಪ್ಪಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ನಾಲ್ಕು ಕವಳೆ ಎಲೆಗೆ ಯಾರು ಆ ಉಸಾಬರಿ ಮಾಡುತ್ತಾರೆ? ಬೆಣ್ಣೆ ಅಲ್ಲೇ ಕೊಂಡು ಕಾಸಿಕೊಳ್ಳಲು ಮಗಳಿಗೆ ಹೇಳಿ, ಅಲ್ಲಿಯ ಬೆಣ್ಣೆ ಚೆನ್ನಾಗಿರುತ್ತದೆ. ಮೆಣಸಿನ ಪುಡಿ ಒಯ್ಯಿರಿ. ಎರಡು ಕವರ್ ಒಂದರೊಳಗೊಂದು ಹಾಕಿ ಬಾಯಿ ಬಿಗಿಯಾಗಿ ಕಟ್ಟಿ, ಸೀರೆ ಇರುವ ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡಿ.