ಓದುಗರ ಪ್ರಶ್ನೆ: ಕೋಟ್ ಬೇಕೇ, ಬೇಡವೇ?

ಪ್ರಶ್ನೆ: ನಮ್ಮದು ಅಡಿಕೆ ತೋಟ. ಕೊಳೆರೋಗಕ್ಕೆ ಎರಡನೇ ಸಲ ಬೋರ್ಡೋ (ಸುಣ್ಣ, ಮೈಲುತುತ್ತದ ದ್ರಾವಣ) ಹೊಡೆಸಿದಾಗ ಅದರ ಬಗ್ಗೆ ಒಂದು ಜಾಲತಾಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಸಾವಿರಾರು ಫಾಲೋವರ್ಸ್ ಇರುವ ಒಬ್ಬರು ಅದನ್ನು ಕೋಟ್ ಮಾಡಿ, ಅಂದರೆ ನನ್ನ ಪೋಸ್ಟನ್ನು ತಮ್ಮ ಪೋಸ್ಟಿನೊಳಗೆ ಇಟ್ಟು ಹಂಚಿ, "ಮೈಲುತುತ್ತ ಸುರಿದು ಮಣ್ಣು ಕೊಂದವರು ಇವರೇ" ಎಂದು ಮೇಲೆ ಬರೆದರು. ಬೆಳಗಾಗುವುದರೊಳಗೆ ಅಡಿಕೆ ಮರವನ್ನೇ ಕಾಣದವರೆಲ್ಲ ಬಂದು ಬೈದರು. ಕೋಟ್ ಇಲ್ಲ ಎಂದೇ ಮಾಸ್ಟೊಡಾನ್ ಎಂಬ ಇನ್ನೊಂದು ಜಾಲತಾಣಕ್ಕೆ ಹೋದೆ. ಈಗ ಅಲ್ಲೂ ಬಂದಿದೆ. ಈ ಸೌಲಭ್ಯ ಯಾರಿಗಾದರೂ ಯಾಕೆ ಬೇಕು?
– ಹೆಸರು ಬೇಡ, ಸಾಗರ ತಾಲ್ಲೂಕು

ಉತ್ತರ: ನಿಮ್ಮನ್ನು ಬೈದವರಲ್ಲಿ ಹೆಚ್ಚಿನವರು ನಿಮ್ಮ ನಾಲ್ಕು ಸಾಲು ಓದಿರಲಿಕ್ಕಿಲ್ಲ. ಮೇಲಿದ್ದ ಒಂದು ಸಾಲು ಓದಿ ಬಂದವರು ಅವರು. ಪೋಸ್ಟಿನ ಕೆಳಗೆ ಉತ್ತರ ಬರೆಯುವವರು ನಿಮ್ಮ ಹತ್ತಿರ ಮಾತಾಡುತ್ತಾರೆ. ಕೋಟ್ ಮಾಡುವವರು ನಿಮ್ಮನ್ನು ಮುಂದೆ ನಿಲ್ಲಿಸಿಕೊಂಡು ತಮ್ಮ ಕಡೆಯವರ ಹತ್ತಿರ ಮಾತಾಡುತ್ತಾರೆ. ನಿಮಗಾದ ನೋವಿನ ಬೇರು ಇದೇ. 2016ರಲ್ಲಿ ಮಾಸ್ಟೊಡಾನ್ ಶುರುಮಾಡಿದ ಯೂಜೆನ್ ರೋಚ್ಕೊ ಕೋಟನ್ನು ಬೇಕೆಂದೇ ಹೊರಗಿಟ್ಟಿದ್ದರು. ಅದರಿಂದ ಜನರ ನಡವಳಿಕೆ ಕೆಡುತ್ತದೆ ಎಂದು 2018ರಲ್ಲಿ ಹೇಳಿಯೂ ಇದ್ದರು. ನಿಮ್ಮ ಪತ್ರ ಓದಿದ ಮೇಲೆ ಆ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಾಗದು.

ಆದರೂ ಕೋಟ್ ಇರಬೇಕು ಎನ್ನುವವಳೇ ನಾನು. ಪತ್ರಿಕೆಯೊಂದರಲ್ಲಿ ಓದುಗರ ಪತ್ರಗಳ ಪುಟವನ್ನು ಬಹಳ ಕಾಲ ನೋಡಿಕೊಂಡವಳು. ಒಬ್ಬರ ಪತ್ರವನ್ನು ಅಲ್ಲಗಳೆದು ಇನ್ನೊಬ್ಬರು ಬರೆದರೆ, ಮೂಲ ಪತ್ರ ಯಾವ ದಿನದ್ದು, ಅದರಲ್ಲಿ ಏನಿತ್ತು ಎಂದು ಮೊದಲ ಸಾಲಿನಲ್ಲೇ ಹಾಕದೆ ಅದನ್ನು ಅಚ್ಚಿಗೆ ಬಿಡುತ್ತಿರಲಿಲ್ಲ. ಯಾವುದಕ್ಕೆ ಉತ್ತರ ಎಂಬುದು ಓದುವವರ ಕಣ್ಣೆದುರು ಇರಬೇಕು. ಕೋಟ್ ಮಾಡುವುದೂ ಅದನ್ನೇ.

ಮಳೆಗಾಲದಲ್ಲಿ ನಮ್ಮ ಜಿಲ್ಲೆಗಳಲ್ಲಿ ನಡೆಯುವುದನ್ನೇ ನೋಡಿ. ಶಾಲೆಗೆ ರಜೆ ಎಂದು ಜಿಲ್ಲಾಧಿಕಾರಿಗಳು ಹೊರಡಿಸಿದ ಹಳೆಯ ಆದೇಶವನ್ನು ಯಾರೋ ಮತ್ತೆ ಹರಿಬಿಡುತ್ತಾರೆ. ಸಹಿ ಇದೆ, ಮೊಹರು ಇದೆ. ದಿನಾಂಕ ಮಾತ್ರ ಹೋದ ವರ್ಷದ್ದು. "ದಿನಾಂಕ ನೋಡಿ, ಇವತ್ತು ಶಾಲೆ ಇದೆ" ಎಂದು ಮೇಷ್ಟ್ರೊಬ್ಬರು ಕೆಳಗೆ ಬರೆದರೆ, "ಥ್ಯಾಂಕ್ಸ್ ಸರ್"ಗಳ ನಡುವೆ ಅದು ಹೂತುಹೋಗುತ್ತದೆ. ಸುಮ್ಮನೆ ಹಂಚಿದರೆ ಸುಳ್ಳನ್ನೇ ಹಂಚಿದಂತೆ. ಕೋಟ್ ಮಾಡಿ ಬರೆದರೆ ಅವರ ಊರಿನ ತಂದೆ-ತಾಯಿಯರಿಗೆ ಆದೇಶವೂ ತಿದ್ದುಪಡಿಯೂ ಒಟ್ಟಿಗೇ ಸಿಗುತ್ತವೆ.

ಕೋಟ್ ತೆಗೆದುಹಾಕಿದರೆ ಕಾಟ ನಿಲ್ಲುತ್ತದೆ ಎಂದೂ ನನಗನ್ನಿಸುವುದಿಲ್ಲ. ಜನ ಸ್ಕ್ರೀನ್‌ಶಾಟ್ ಹಿಡಿಯುತ್ತಾರೆ. ಅದರಲ್ಲಿ ದಿನಾಂಕ ಕತ್ತರಿಸಬಹುದು, ಅರ್ಧ ವಾಕ್ಯ ಬಿಡಬಹುದು. ಬರೆದವರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಮೂಲವನ್ನು ನೀವು ತಿದ್ದಿದರೂ ಅಳಿಸಿದರೂ ಅದು ಓಡಾಡುತ್ತಲೇ ಇರುತ್ತದೆ.

ಹಾಗಾಗಿ ನನ್ನ ಷರತ್ತು ಒಂದೇ: ಯಾರು ಕೋಟ್ ಮಾಡಬಹುದು ಎಂಬುದರ ಕೀಲಿ ಮೂಲ ಪೋಸ್ಟ್ ಬರೆದವರ ಕೈಯಲ್ಲಿರಬೇಕು. ಟ್ವಿಟರ್ 2015ರ ಏಪ್ರಿಲ್‌ನಲ್ಲಿ ಕೋಟ್ ತಂದಾಗ ಈ ಕೀಲಿ ಕೊಡಲಿಲ್ಲ. ಬ್ಲೂಸ್ಕೈ ಎಂಬ ಜಾಲತಾಣ 2024ರ ಆಗಸ್ಟ್‌ನಲ್ಲಿ, ಬೇರೆಯವರು ಕೋಟ್ ಮಾಡಿದಲ್ಲಿಂದ ನಮ್ಮ ಪೋಸ್ಟನ್ನು ಬಿಡಿಸಿಕೊಳ್ಳುವ ದಾರಿ ಕೊಟ್ಟಿತು. ಮಾಸ್ಟೊಡಾನ್ 2025ರ ನವೆಂಬರ್‌ನಲ್ಲಿ 4.5ನೇ ಆವೃತ್ತಿಯೊಂದಿಗೆ ಕೋಟ್ ತಂದಾಗ ಇನ್ನೂ ಮುಂದೆ ಹೋಗಿದೆ. ಯಾರು ಬೇಕಾದರೂ ಕೋಟ್ ಮಾಡಲಿ, ಫಾಲೋವರ್ಸ್ ಮಾತ್ರ ಮಾಡಲಿ, ಯಾರೂ ಬೇಡ ಎಂದು ಒಂದೊಂದು ಪೋಸ್ಟಿಗೂ ನೀವೇ ನಿರ್ಧರಿಸಬಹುದು, ಆಮೇಲೆ ಬದಲಾಯಿಸಲೂಬಹುದು. ಕೋಟ್ ಆದಾಗ ನಿಮಗೆ ತಿಳಿಸುತ್ತದೆ. ಬೇಡವೆನಿಸಿದರೆ ನಿಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಅವರ ಟೀಕೆ ಉಳಿಯುತ್ತದೆ, ಕೆಳಗೆ ನೀವಿರುವುದಿಲ್ಲ. ಮಾಸ್ಟೊಡಾನ್ ನಿಮಗೆ ಮೋಸ ಮಾಡಿದೆ ಎಂದು ನಾನು ಹೇಳಲಾರೆ.

ನನ್ನ ತಕರಾರಿರುವುದು ಬೇರೆ ಕಡೆ. ಸಚಿವರಿಗೆ, ಸರ್ಕಾರಿ ಇಲಾಖೆಗಳಿಗೆ ಈ ಕೀಲಿ ಸಿಗಕೂಡದು. ಅಧಿಕಾರದಲ್ಲಿರುವವರು ಆಡಿದ ಮಾತಿನ ಮೇಲೆ ಪ್ರಜೆಗಳು ಬರೆದದ್ದು ಮಾತಿನ ಜೊತೆಗೇ ಉಳಿಯಬೇಕು.

ನೀವು ಮನೆ-ಮಕ್ಕಳ ಪೋಸ್ಟುಗಳಿಗೆ "ಯಾರೂ ಬೇಡ" ಇಟ್ಟುಕೊಳ್ಳಿ. ಕೊಳೆರೋಗದ ಬರಹವನ್ನು ಮಾತ್ರ ದಯವಿಟ್ಟು ತೆರೆದಿಡಿ. ನಿಮ್ಮ ಕಡೆ ಸುಣ್ಣ, ಮೈಲುತುತ್ತ ಎಷ್ಟೆಷ್ಟು ಹಾಕಿದಿರಿ, ಮಳೆ ಬಿಟ್ಟ ಯಾವ ಹೊಳವಿಗೆ ಹೊಡೆಸಿದಿರಿ ಎಂಬುದರ ಮೇಲೆ ಶೃಂಗೇರಿಯವರೋ ಪುತ್ತೂರಿನವರೋ ತಮ್ಮ ತೋಟದ ಲೆಕ್ಕ ಸೇರಿಸಿದರೆ ಬೆಳೆಗಾರರಿಗೆಲ್ಲ ಉಪಯೋಗ.

ಪ್ರಶ್ನೆ: ಬೇರೆಯವರ ಪೋಸ್ಟನ್ನು ಸುಮ್ಮನೆ ಹಂಚುವ ಬದಲು ಪ್ರತಿಯೊಬ್ಬರೂ ಏನಾದರೂ ಬರೆದೇ ಹಂಚಬೇಕು ಎಂದು ನಿಯಮ ಮಾಡಿದರೆ ಸುಳ್ಳು ಸುದ್ದಿ ಕಡಿಮೆಯಾಗುವುದಿಲ್ಲವೇ?
– ಪದವಿ ವಿದ್ಯಾರ್ಥಿ, ಧಾರವಾಡ

ಉತ್ತರ: ಹೆಚ್ಚುಕಡಿಮೆ ಇದನ್ನೇ ಮಾಡಿ ನೋಡಿದ್ದಾರೆ. ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುಂಚೆ, 2020ರ ಅಕ್ಟೋಬರ್‌ನಲ್ಲಿ, ರಿಟ್ವೀಟ್ (ಸುಮ್ಮನೆ ಹಂಚುವ ಗುಂಡಿ) ಒತ್ತಿದವರ ಮುಂದೆ ಟ್ವಿಟರ್ ಬರೆಯುವ ಪೆಟ್ಟಿಗೆ ತೆರೆದಿಟ್ಟಿತು. ಖಾಲಿ ಬಿಟ್ಟರೂ ಹಂಚಬಹುದಿತ್ತು. ಹಂಚಿಕೆ ಒಟ್ಟಾರೆ 20% ಇಳಿಯಿತು. ಆದರೆ ಹೊಸದಾಗಿ ಹೆಚ್ಚಿದ ಕೋಟ್‌ಗಳಲ್ಲಿ 45%ರಷ್ಟು ಒಂದೇ ಪದದ ಸಮ್ಮತಿ. 70%ರಲ್ಲಿ 25 ಅಕ್ಷರವೂ ಇರಲಿಲ್ಲ. ಡಿಸೆಂಬರ್‌ನಲ್ಲಿ ಅದನ್ನು ಕೈಬಿಟ್ಟರು. ಒತ್ತಾಯಕ್ಕೆ ಬರೆದವರು "ನಿಜ" ಎಂದಷ್ಟೇ ಬರೆಯುತ್ತಾರೆ. ತಡೆದು ನಿಲ್ಲಿಸಿದ್ದರಿಂದ ವೇಗ ಸ್ವಲ್ಪ ತಗ್ಗಿತು, ಅಷ್ಟರ ಮಟ್ಟಿಗೆ ನಿಮ್ಮ ಯೋಚನೆ ಸರಿ.